ಡಿಎಚ್‌ಸಿಪಿ ಸರ್ವರ್: ಐಪಿ ಅಡ್ರೆಸ್ ಕೊಡುವುದು ಸುಲಭ, ವಾಪಸ್ ಪಡೆಯುವುದೇ ಕೆಲಸ

ಒಂದು ಕಂಪ್ಯೂಟರ್ ನೆಟ್‌ವರ್ಕ್‌ಗೆ ಸೇರಬೇಕಾದರೆ ಅದಕ್ಕೆ ನಾಲ್ಕು ವಿಷಯ ಗೊತ್ತಿರಬೇಕು. ತನ್ನ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ತನ್ನನ್ನು ಗುರುತಿಸುವ ಸಂಖ್ಯೆ, ಯಾವುದು? ತನ್ನ ನೆಟ್‌ವರ್ಕ್ ಎಲ್ಲಿಂದ ಎಲ್ಲಿಯವರೆಗೆ? ಇದನ್ನು ಸಬ್‌ನೆಟ್ ಮಾಸ್ಕ್ ಹೇಳುತ್ತದೆ. ಹೊರಗೆ ಹೋಗುವ ದಾರಿ ಯಾವುದು? ಅದು ಗೇಟ್‌ವೇ. ವೆಬ್‌ಸೈಟ್‌ನ ಹೆಸರು ಕೊಟ್ಟರೆ ಅದರ ಅಡ್ರೆಸ್ ಹೇಳುವವರು ಯಾರು? ಅದು ಡಿಎನ್‌ಎಸ್ ಸರ್ವರ್. ಹತ್ತು ಕಂಪ್ಯೂಟರ್ ಇದ್ದರೆ ಈ ನಾಲ್ಕನ್ನೂ ಕೈಯಲ್ಲೇ ಟೈಪ್ ಮಾಡಬಹುದು. ಅರವತ್ತು ಕಂಪ್ಯೂಟರ್‌ಗಳ ಕಾಲೇಜು ಲ್ಯಾಬ್‌ನಲ್ಲಿ ಅದೇ ಕೆಲಸಕ್ಕೆ ಇಡೀ ದಿನ ಹೋಗುತ್ತದೆ. ಆಮೇಲೆ ಯಾರೋ ಒಂದೇ ಅಡ್ರೆಸ್ಸನ್ನು ಎರಡು ಮಷಿನ್‌ಗೆ ಹಾಕಿರುತ್ತಾರೆ. ಎರಡರಲ್ಲೂ ನೆಟ್ ಬಿಟ್ಟುಬಿಟ್ಟು ಬರುತ್ತದೆ. ಆ ಎರಡು ಯಾವುವು ಎಂದು ಹುಡುಕಲು ಇನ್ನೊಂದು ದಿನ ಬೇಕು.

ಈ ಕೆಲಸವನ್ನು ತಾನಾಗಿಯೇ ಮಾಡುವ ವ್ಯವಸ್ಥೆ ಡಿಎಚ್‌ಸಿಪಿ. ಮನೆಯ ವೈಫೈ ರೂಟರ್ ಒಳಗೂ ಒಂದು ಪುಟ್ಟ ಡಿಎಚ್‌ಸಿಪಿ ಸರ್ವರ್ ಇರುತ್ತದೆ. ಅದಕ್ಕೇ ಫೋನ್‌ನಲ್ಲಿ ಪಾಸ್‌ವರ್ಡ್ ಹಾಕಿದ ತಕ್ಷಣ ನೆಟ್ ಬರುತ್ತದೆ. ಮನೆಯಲ್ಲಿ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ. ಕಾಲೇಜು, ಆಸ್ಪತ್ರೆ, ದೊಡ್ಡ ಕಚೇರಿಗಳಿಗೆ ಬಂದಾಗ ಸ್ವಂತ ಸರ್ವರ್ ಬೇಕಾಗುತ್ತದೆ, ಜೊತೆಗೆ ಸ್ವಲ್ಪ ಲೆಕ್ಕವೂ ಬೇಕಾಗುತ್ತದೆ.

ಡಿಎಚ್‌ಸಿಪಿ ಕಲಿಸುವ ಬಹಳಷ್ಟು ಪಾಠಗಳು ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದರಿಂದ ಶುರುವಾಗಿ ಅಲ್ಲೇ ಮುಗಿದುಹೋಗುತ್ತವೆ. ಅದು ಅರ್ಧ ಗಂಟೆಯ ಕೆಲಸ. ತೊಂದರೆ ಬರುವುದು ಅಲ್ಲಿಂದಲ್ಲ. ಕೊಟ್ಟ ಅಡ್ರೆಸ್ ಯಾವಾಗ ವಾಪಸ್ ಬರುತ್ತದೆ ಎಂದು ಯಾರೂ ಯೋಚಿಸದೇ ಬಿಟ್ಟಾಗ ಬರುತ್ತದೆ. ಹಾಗಾಗಿ ಆ ವಿಷಯಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಡಿಎಚ್‌ಸಿಪಿಗಿಂತ ಮೊದಲು ಬೂಟ್‌ಪಿ ಇತ್ತು. 1985ರಲ್ಲಿ ಬಂದದ್ದು. ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳು ಆನ್ ಆದ ಕೂಡಲೇ ಸರ್ವರ್‌ನಿಂದ ತಮ್ಮ ಅಡ್ರೆಸ್ಸನ್ನೂ ಬೂಟ್ ಫೈಲ್‌ನ ಹೆಸರನ್ನೂ ಕೇಳಿ ಪಡೆಯುತ್ತಿದ್ದವು. ಯಾವ ಮಷಿನ್‌ಗೆ ಯಾವ ಅಡ್ರೆಸ್ ಎಂಬ ಪಟ್ಟಿಯನ್ನು ಅಡ್ಮಿನ್ ಮೊದಲೇ ಬರೆದಿಡಬೇಕಿತ್ತು. ಒಮ್ಮೆ ಕೊಟ್ಟ ಅಡ್ರೆಸ್ ಆ ಮಷಿನ್‌ಗೇ ಖಾಯಂ. ಬಂದು ಹೋಗುವ ಲ್ಯಾಪ್‌ಟಾಪ್‌ಗಳಿಗೆ ಇದು ಹೊಂದಲಿಲ್ಲ. 1993ರಲ್ಲಿ ಡಿಎಚ್‌ಸಿಪಿಯ ಮೊದಲ ಆರ್‌ಎಫ್‌ಸಿ, ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆ, ಹೊರಬಂತು. ಇವತ್ತಿಗೂ ಆಧಾರವಾಗಿರುವುದು ರಾಲ್ಫ್ ಡ್ರೋಮ್ಸ್ ಬರೆದ 1997ರ ಆರ್‌ಎಫ್‌ಸಿ 2131. ಪ್ಯಾಕೆಟ್‌ನ (ಕಳಿಸುವ ಮಾಹಿತಿಯ ತುಣುಕಿನ) ಆಕಾರ, ಪೋರ್ಟ್ ನಂಬರ್ (ಸಂದೇಶ ಯಾವ ಪ್ರೋಗ್ರಾಂಗೆ ಎಂದು ಹೇಳುವ ಸಂಖ್ಯೆ) ಎಲ್ಲವೂ ಬೂಟ್‌ಪಿಯಿಂದಲೇ ಬಂದವು. ಹೊಸದಾಗಿ ಸೇರಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಅಡ್ರೆಸ್‌ಗೆ ಒಂದು ಅವಧಿ. ಅದನ್ನೇ ಲೀಸ್ ಎನ್ನುತ್ತಾರೆ.

ನಾಲ್ಕು ಸಂದೇಶಗಳು

ಲೀಸ್‌ಗೆ ಹೋಗುವ ಮೊದಲು ಅಡ್ರೆಸ್ ಸಿಗುವ ಬಗೆ ನೋಡೋಣ. ಹೊಸ ಮಷಿನ್‌ಗೆ ತನ್ನ ಅಡ್ರೆಸ್ಸೂ ಗೊತ್ತಿಲ್ಲ, ಸರ್ವರ್‌ನ ಅಡ್ರೆಸ್ಸೂ ಗೊತ್ತಿಲ್ಲ. ಹಾಗಾಗಿ ಅದು 0.0.0.0 ಎಂಬ ಖಾಲಿ ಅಡ್ರೆಸ್‌ನಿಂದ 255.255.255.255ಕ್ಕೆ ಒಂದು ಸಂದೇಶ ಕಳಿಸುತ್ತದೆ. ಇದು ಬ್ರಾಡ್‌ಕಾಸ್ಟ್. ಆ ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ತಲುಪುತ್ತದೆ. ಈ ಮೊದಲ ಸಂದೇಶದ ಹೆಸರು ಡಿಸ್ಕವರ್. ಸರ್ವರ್ ಯುಡಿಪಿ ಪೋರ್ಟ್ 67ರಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ, ಮಷಿನ್ 68ರಲ್ಲಿ ಉತ್ತರಕ್ಕೆ ಕಾಯುತ್ತದೆ.

ಸರ್ವರ್ ತನ್ನ ಬಳಿ ಇರುವ ಒಂದು ಖಾಲಿ ಅಡ್ರೆಸ್ ಆರಿಸಿ ಆಫರ್ ಕಳಿಸುತ್ತದೆ. ಮಷಿನ್ ಅದನ್ನು ಒಪ್ಪಿ ರಿಕ್ವೆಸ್ಟ್ ಕಳಿಸುತ್ತದೆ. ಸರ್ವರ್ ತನ್ನ ದಾಖಲೆಯಲ್ಲಿ ಬರೆದುಕೊಂಡು ಆಕ್ ಕಳಿಸುತ್ತದೆ. ಅಲ್ಲಿಗೆ ಅಡ್ರೆಸ್ ಮಷಿನ್‌ನದ್ದಾಯಿತು. ಎಲ್ಲ ಸರಿಯಿದ್ದರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ.

ಆಫರ್ ಬಂದ ಮೇಲೆ ಮತ್ತೆ ರಿಕ್ವೆಸ್ಟ್ ಯಾಕೆ ಎಂಬ ಪ್ರಶ್ನೆ ಬರಬೇಕಾದದ್ದೇ. ಕಾರಣ ಇದೆ. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಸರ್ವರ್ ಇರಬಹುದು, ಎರಡೂ ಆಫರ್ ಕಳಿಸಬಹುದು. ಮಷಿನ್ ಒಂದನ್ನು ಆರಿಸಿ, ಆ ಸರ್ವರ್‌ನ ಗುರುತನ್ನು ರಿಕ್ವೆಸ್ಟ್ ಒಳಗೆ ಬರೆದು, ಮತ್ತೆ ಎಲ್ಲರಿಗೂ ಕೇಳುವಂತೆ ಬ್ರಾಡ್‌ಕಾಸ್ಟ್ ಮಾಡುತ್ತದೆ. ಆಯ್ಕೆಯಾಗದ ಸರ್ವರ್ ಅದನ್ನು ಕೇಳಿಸಿಕೊಂಡು, ತಾನು ತೆಗೆದಿಟ್ಟಿದ್ದ ಅಡ್ರೆಸ್ಸನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಈ ನಾಲ್ಕು ಸಂದೇಶಗಳಲ್ಲಿ ಎಲ್ಲೂ ಪಾಸ್‌ವರ್ಡ್ ಇಲ್ಲ, ಗುರುತಿನ ಪರೀಕ್ಷೆ ಇಲ್ಲ. ಯಾರು ಕೇಳಿದರೂ ಸರ್ವರ್ ಕೊಡುತ್ತದೆ. ಯಾರು ಕೊಟ್ಟರೂ ಮಷಿನ್ ತೆಗೆದುಕೊಳ್ಳುತ್ತದೆ. ಇದರಿಂದ ಆಗುವ ತೊಂದರೆಗೆ ಮುಂದೆ ಬರುತ್ತೇನೆ.

ಲೀಸ್ ಎಷ್ಟು ಹೊತ್ತು ಇರಬೇಕು?

ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜ್ ನೆನಪಿಸಿಕೊಳ್ಳಿ. ರೂಮ್ ಕೊಡುವಾಗಲೇ ಮ್ಯಾನೇಜರ್ ಚೆಕ್‌ಔಟ್ ಸಮಯ ಹೇಳಿರುತ್ತಾರೆ, ರಿಜಿಸ್ಟರ್‌ನಲ್ಲಿ ಬರೆದಿರುತ್ತಾರೆ. ಹೇಳದೇ ಕೇಳದೇ ಗಿರಾಕಿ ಎದ್ದು ಹೋದರೂ ಆ ಸಮಯ ಆಗುವವರೆಗೆ ರೂಮ್ ಅವರ ಹೆಸರಲ್ಲೇ ಇರುತ್ತದೆ. ಇನ್ನೂ ಉಳಿಯಬೇಕೆಂದರೆ ಮೊದಲೇ ಬಂದು ಮುಂದುವರಿಸಿಕೊಳ್ಳಬೇಕು. ಡಿಎಚ್‌ಸಿಪಿ ಸರ್ವರ್ ಮಾಡುವುದೂ ಇಷ್ಟೇ.

ಮಷಿನ್ ನೆಟ್‌ವರ್ಕ್ ಬಿಡುವಾಗ ಅಡ್ರೆಸ್ ವಾಪಸ್ ಕೊಡಲು ರಿಲೀಸ್ ಎಂಬ ಸಂದೇಶವೇನೋ ಇದೆ. ಆದರೆ ಫೋನ್ ಜೇಬಿನಲ್ಲಿಟ್ಟುಕೊಂಡು ಹೊರಗೆ ನಡೆದವರ ವೈಫೈ ಸುಮ್ನೆ ಕಡಿದುಹೋಗುತ್ತದೆ, ಸಂದೇಶ ಕಳಿಸಲು ಅವಕಾಶವೇ ಇರುವುದಿಲ್ಲ. ಹಾಗಾಗಿ ರಿಲೀಸ್ ಬರುತ್ತದೆ ಎಂದು ನಂಬಿಕೊಂಡು ಲೆಕ್ಕ ಹಾಕಬಾರದು. ಲೀಸ್ ಮುಗಿದಾಗ ಮಾತ್ರ ಅಡ್ರೆಸ್ ವಾಪಸ್ ಬರುತ್ತದೆ ಎಂದೇ ಇಟ್ಟುಕೊಳ್ಳಿ.

ಈಗ ಒಂದು ದರ್ಶಿನಿಯನ್ನು ತೆಗೆದುಕೊಳ್ಳಿ. ಗಿರಾಕಿಗಳಿಗೆ ಉಚಿತ ವೈಫೈ ಇಟ್ಟಿದ್ದಾರೆ. ದಿನಕ್ಕೆ 400 ಫೋನ್‌ಗಳು ಅದಕ್ಕೆ ಸೇರುತ್ತವೆ, ಒಂದೊಂದೂ ಇಪ್ಪತ್ತು ನಿಮಿಷ ಇರುತ್ತದೆ ಎಂದುಕೊಳ್ಳಿ. ಕೊಡಲು 200 ಅಡ್ರೆಸ್ ಇವೆ. ಲೀಸ್ 24 ಗಂಟೆ ಇದ್ದರೆ ಏನಾಗುತ್ತದೆ? ಮೊದಲ 200 ಜನ ಬಂದು ಹೋಗುವಷ್ಟರಲ್ಲಿ ಅಡ್ರೆಸ್‌ಗಳೆಲ್ಲ ಮುಗಿದವು. ಮಧ್ಯಾಹ್ನ ಊಟದ ಹೊತ್ತಿಗೆ ಬಂದವರಿಗೆ ವೈಫೈ ಕಾಣಿಸುತ್ತದೆ, ಸೇರಲು ಆಗುವುದಿಲ್ಲ. ಒಳಗೆ ಕೂತವರು ಇಪ್ಪತ್ತೇ ಜನ ಇರಬಹುದು. ಆದರೆ ಸರ್ವರ್‌ನ ಲೆಕ್ಕದಲ್ಲಿ 200 ಅಡ್ರೆಸ್ಸೂ ಬಳಕೆಯಲ್ಲಿವೆ, ಬೆಳಿಗ್ಗೆ ಇಡ್ಲಿ ತಿಂದು ಮನೆಗೆ ಹೋದವರ ಹೆಸರಿನಲ್ಲಿ.

ಅದೇ ಲೀಸ್ ಒಂದು ಗಂಟೆ ಇದ್ದರೆ? ಯಾವ ಕ್ಷಣ ನೋಡಿದರೂ ಬಳಕೆಯಲ್ಲಿರುವುದು ಹಿಂದಿನ ಒಂದು ಗಂಟೆಯಲ್ಲಿ ಬಂದವರ ಅಡ್ರೆಸ್ ಮಾತ್ರ. ಬೆಳಗಿನ ರಶ್‌ನಲ್ಲಿ ಗಂಟೆಗೆ 100 ಫೋನ್ ಬಂದರೂ ಸುಮಾರು 100 ಅಡ್ರೆಸ್ ಸಾಕು, ಇನ್ನೂ 100 ಉಳಿದಿರುತ್ತವೆ. ಹೊಸ ಉಪಕರಣ ಬೇಕಿಲ್ಲ, ದೊಡ್ಡ ನೆಟ್‌ವರ್ಕ್ ಬೇಕಿಲ್ಲ. ಒಂದು ಸಂಖ್ಯೆ ಬದಲಾಯಿಸಿದರೆ ಆಯಿತು.

ಹಾಗಾದರೆ ಎಲ್ಲ ಕಡೆ ಲೀಸ್ ಚಿಕ್ಕದಿಟ್ಟರೆ ಒಳ್ಳೆಯದಲ್ವಾ? ಅಲ್ಲ. ಲೀಸ್‌ನ ಅರ್ಧ ಸಮಯ ಕಳೆದಾಗ ಮಷಿನ್ ತನಗೆ ಅಡ್ರೆಸ್ ಕೊಟ್ಟ ಸರ್ವರ್‌ಗೆ ನೇರವಾಗಿ ಬರೆದು ಅವಧಿ ಮುಂದುವರಿಸಿಕೊಳ್ಳುತ್ತದೆ. ಉತ್ತರ ಬರದಿದ್ದರೆ ಮತ್ತೆ ಪ್ರಯತ್ನಿಸುತ್ತದೆ. 87.5 ಶೇಕಡಾ ಕಳೆದರೂ ಉತ್ತರವಿಲ್ಲ ಎಂದಾದರೆ ಯಾವ ಸರ್ವರ್ ಆದರೂ ಸರಿ ಎಂದು ಬ್ರಾಡ್‌ಕಾಸ್ಟ್ ಮಾಡಿ ಕೇಳುತ್ತದೆ. ಪೂರ್ತಿ ಮುಗಿದ ಮೇಲೆ ಅಡ್ರೆಸ್ ಬಿಟ್ಟುಬಿಡಬೇಕು, ನೆಟ್ ಹೋಯಿತು. 8 ಗಂಟೆಯ ಲೀಸ್ ಇದ್ದರೆ 4ನೇ ಗಂಟೆಗೆ ಮೊದಲ ಪ್ರಯತ್ನ, 7ನೇ ಗಂಟೆಗೆ ಎರಡನೇ ಬಗೆಯದು, 8ಕ್ಕೆ ಕೊನೆ.

ಈ ಲೆಕ್ಕದಿಂದ ಒಂದು ಒಳ್ಳೆಯ ಸಂಗತಿ ಹೊರಡುತ್ತದೆ. ಎಲ್ಲ ಮಷಿನ್‌ಗಳೂ ಸರಿಯಾಗಿ ಲೀಸ್ ಮುಂದುವರಿಸಿಕೊಳ್ಳುತ್ತಿದ್ದರೆ, ಯಾವ ಹೊತ್ತಿನಲ್ಲಿ ನೋಡಿದರೂ ಪ್ರತಿಯೊಂದರ ಬಳಿಯೂ ಕನಿಷ್ಠ ಅರ್ಧ ಲೀಸ್ ಉಳಿದಿರುತ್ತದೆ. 8 ಗಂಟೆಯ ಲೀಸ್ ಇರುವ ಲ್ಯಾಬ್‌ನಲ್ಲಿ ಡಿಎಚ್‌ಸಿಪಿ ಸರ್ವರ್ ಮೂರು ಗಂಟೆ ಕೆಟ್ಟು ನಿಂತರೂ ಈಗಾಗಲೇ ಸೇರಿರುವ ಮಷಿನ್‌ಗಳಿಗೆ ಗೊತ್ತೇ ಆಗುವುದಿಲ್ಲ. ಹೊಸದಾಗಿ ಬಂದವುಗಳಿಗೆ ಮಾತ್ರ ತೊಂದರೆ. ಲೀಸ್ ಹತ್ತು ನಿಮಿಷ ಇಟ್ಟಿದ್ದರೆ? ಸರ್ವರ್ ರೀಸ್ಟಾರ್ಟ್ ಮಾಡಲು ಹೋಗಿ ಹತ್ತು ನಿಮಿಷ ತಡವಾದರೆ ಇಡೀ ಕಟ್ಟಡದ ನೆಟ್ ಹೋಗುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ಜನ ಬಂದು ಹೋಗುವ ವೈಫೈಗೆ ಒಂದರಿಂದ ಎರಡು ಗಂಟೆ. ಕಚೇರಿ, ಲ್ಯಾಬ್‌ಗಳಿಗೆ 8 ರಿಂದ 24 ಗಂಟೆ. ವಿಂಡೋಸ್ ಸರ್ವರ್‌ನಲ್ಲಿ ತಾನಾಗಿ ಬರುವ ಲೀಸ್ 8 ದಿನ. ಮೇಜಿನ ಮೇಲಿಂದ ಕದಲದ ಕಂಪ್ಯೂಟರ್‌ಗಳಿಗೆ ಅದು ನಡೆಯುತ್ತದೆ, ಆದರೆ ವೈಫೈಗೆ ಅದನ್ನು ಹಾಗೇ ಬಿಡಬೇಡಿ.

ಇನ್ನೊಂದು ಉಪಯೋಗದ ಮಾತು. ಗೇಟ್‌ವೇ ಅಥವಾ ಡಿಎನ್‌ಎಸ್ ಸರ್ವರ್ ಬದಲಾಯಿಸುವ ಯೋಜನೆ ಇದೆ ಎಂದುಕೊಳ್ಳಿ. ಹೊಸ ಮಾಹಿತಿ ಮಷಿನ್‌ಗೆ ತಲುಪುವುದು ಅದು ಮುಂದಿನ ಸಲ ಲೀಸ್ ಮುಂದುವರಿಸಿದಾಗ ಮಾತ್ರ. 8 ದಿನದ ಲೀಸ್ ಇದ್ದರೆ ಅದಕ್ಕೆ ನಾಲ್ಕು ದಿನವೂ ಆಗಬಹುದು. ಆದ್ದರಿಂದ ಬದಲಾವಣೆಗೆ ಒಂದು ವಾರ ಮೊದಲೇ ಲೀಸ್ ಅವಧಿಯನ್ನು ಒಂದು ಗಂಟೆಗೆ ಇಳಿಸಿಡಿ. ಆ ದಿನ ಬಂದಾಗ ಅರ್ಧ ಗಂಟೆಯಲ್ಲಿ ಎಲ್ಲ ಮಷಿನ್‌ಗೂ ಹೊಸ ಮಾಹಿತಿ ಹೋಗಿರುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಮೊದಲಿನಂತೆ ಏರಿಸಿ.

ಅಡ್ರೆಸ್ ಹಂಚುವ ನಕ್ಷೆ

ಸಾಫ್ಟ್‌ವೇರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಉದಾಹರಣೆಗೆ ನಮ್ಮ ಕಾಲೇಜಿನ ಲ್ಯಾಬ್ ಮತ್ತು ಸಿಬ್ಬಂದಿ ಕೋಣೆಗಳಿಗೆ 192.168.10.0 ಸ್ಲ್ಯಾಶ್ 24 ಎಂಬ ನೆಟ್‌ವರ್ಕ್ ಇಟ್ಟುಕೊಳ್ಳೋಣ. ಸ್ಲ್ಯಾಶ್ 24 ಎಂದರೆ ಅಡ್ರೆಸ್‌ನ ಮೊದಲ 24 ಬಿಟ್‌ಗಳು, ಅಂದರೆ ಮೊದಲ ಮೂರು ಸಂಖ್ಯೆ, ಎಲ್ಲ ಮಷಿನ್‌ಗೂ ಒಂದೇ. ಇದರಲ್ಲಿ ಬಳಸಲು ಸಿಗುವುದು 254 ಅಡ್ರೆಸ್, 1ರಿಂದ 254ರವರೆಗೆ. 192.168 ಎಂದು ಶುರುವಾಗುವ ಅಡ್ರೆಸ್‌ಗಳು ಒಳಗಿನ ಬಳಕೆಗೆಂದೇ ಮೀಸಲು, ಯಾರನ್ನೂ ಕೇಳಬೇಕಾಗಿಲ್ಲ.

ಗೇಟ್‌ವೇಗೆ 192.168.10.1 ಕೊಡಿ. 2ರಿಂದ 49ರವರೆಗೆ ಖಾಯಂ ಅಡ್ರೆಸ್ ಬೇಕಾದವುಗಳಿಗೆ ಇಡಿ: ಸರ್ವರ್‌ಗಳು, ಸ್ವಿಚ್‌ಗಳು, ವೈಫೈ ಆಕ್ಸೆಸ್ ಪಾಯಿಂಟ್‌ಗಳು, ಪ್ರಿಂಟರ್‌ಗಳು, ಸಿಸಿಟಿವಿ. ಡಿಎಚ್‌ಸಿಪಿ ಸರ್ವರ್ 192.168.10.5 ಆಗಿರಲಿ. ಅದರ ಅಡ್ರೆಸ್ಸನ್ನು ಮಾತ್ರ ಕೈಯಲ್ಲೇ ಹಾಕಬೇಕು, ತನಗೆ ತಾನೇ ಲೀಸ್ ಕೊಟ್ಟುಕೊಳ್ಳಲು ಅದಕ್ಕೆ ಬರುವುದಿಲ್ಲ. 50ರಿಂದ 229ರವರೆಗಿನ 180 ಅಡ್ರೆಸ್‌ಗಳು ಪೂಲ್, ಅಂದರೆ ಸರ್ವರ್ ತಾನಾಗಿ ಹಂಚುವ ರಾಶಿ. 230ರಿಂದ 254 ಸದ್ಯಕ್ಕೆ ಖಾಲಿ. ಆ ಖಾಲಿ ಜಾಗ ದಂಡ ಎಂದುಕೊಳ್ಳಬೇಡಿ. ಮುಂದಿನ ವರ್ಷ ಇಪ್ಪತ್ತು ಕ್ಯಾಮೆರಾ ಬಂದಾಗ ಪೂಲ್ ಒಡೆಯದೇ ಅಲ್ಲಿ ಕೂರಿಸಬಹುದು.

ಒಂದು ನಿಯಮವನ್ನು ಮಾತ್ರ ಎಂದೂ ಮುರಿಯಬೇಡಿ. ಕೈಯಲ್ಲಿ ಹಾಕಿದ ಅಡ್ರೆಸ್ ಪೂಲ್ ಒಳಗೆ ಬೀಳಬಾರದು. ಪೂಲ್ ಒಳಗಿನ 192.168.10.60ನ್ನು ಪ್ರಿಂಟರ್‌ಗೆ ಕೈಯಲ್ಲಿ ಹಾಕಿದರೆ ಸರ್ವರ್‌ಗೆ ಅದು ಗೊತ್ತಿರುವುದಿಲ್ಲ. ಪ್ರಿಂಟರ್ ಆಫ್ ಇದ್ದ ರಾತ್ರಿ ಯಾವುದೋ ಲ್ಯಾಪ್‌ಟಾಪ್‌ಗೆ ಅದೇ 60 ಹೋಗುತ್ತದೆ. ಬೆಳಿಗ್ಗೆ ಪ್ರಿಂಟ್ ಬರುವುದಿಲ್ಲ. ಅಡ್ರೆಸ್ ಸಿಕ್ಕ ಮಷಿನ್ ಅದನ್ನು ಬಳಸುವ ಮೊದಲು ಯಾರಾದರೂ ಇದನ್ನು ಇಟ್ಟುಕೊಂಡಿದ್ದಾರಾ ಎಂದು ಒಮ್ಮೆ ವಿಚಾರಿಸುವುದುಂಟು. ಬೇರೆಯವರ ಬಳಿ ಇದ್ದರೆ ಡಿಕ್ಲೈನ್ ಸಂದೇಶ ಕಳಿಸಿ ಬೇರೆ ಅಡ್ರೆಸ್ ಕೇಳುತ್ತದೆ. ಆದರೆ ಆಫ್ ಆಗಿರುವ ಪ್ರಿಂಟರ್ ಉತ್ತರ ಕೊಡುವುದಿಲ್ಲವಲ್ಲ.

ಪ್ರಿಂಟರ್‌ಗಳಿಗೆ ಇದಕ್ಕಿಂತ ಚೆನ್ನಾದ ದಾರಿ ರಿಸರ್ವೇಶನ್. ಪ್ರಿಂಟರ್‌ನ ಮ್ಯಾಕ್ ಅಡ್ರೆಸ್ಸನ್ನು, ಅಂದರೆ ತಯಾರಕರು ಅದರ ನೆಟ್‌ವರ್ಕ್ ಕಾರ್ಡ್‌ಗೆ ಕೊಟ್ಟ ಗುರುತಿನ ಸಂಖ್ಯೆಯನ್ನು, ಸರ್ವರ್‌ನಲ್ಲಿ ಬರೆದು, ಇದು ಕೇಳಿದಾಗಲೆಲ್ಲ 192.168.10.20 ಕೊಡು ಎಂದು ಹೇಳಿಡುವುದು. ಪ್ರಿಂಟರ್‌ನ ಅಡ್ರೆಸ್ ಬದಲಾಗುವುದಿಲ್ಲ, ಆದರೆ ಎಲ್ಲ ಲೆಕ್ಕವೂ ಒಂದೇ ಕಡೆ ಇರುತ್ತದೆ. ನಾಳೆ ಗೇಟ್‌ವೇ ಬದಲಾದರೆ ಪ್ರತಿ ಪ್ರಿಂಟರ್‌ನ ಪುಟ್ಟ ಪರದೆಯ ಮುಂದೆ ನಿಂತು ಗುಂಡಿ ಒತ್ತಬೇಕಾಗಿಲ್ಲ. ನನ್ನ ಪ್ರಕಾರ ಸರ್ವರ್, ಸ್ವಿಚ್, ರೂಟರ್ ಬಿಟ್ಟು ಉಳಿದ ಎಲ್ಲಕ್ಕೂ ರಿಸರ್ವೇಶನ್ ಸಾಕು.

ಫೋನ್‌ಗಳಿಗೆ ಮಾತ್ರ ಇದು ಸರಿಯಾಗಿ ಕೂರುವುದಿಲ್ಲ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ಒಂದೊಂದು ವೈಫೈಗೂ ಬೇರೆ ಬೇರೆ ಹುಸಿ ಮ್ಯಾಕ್ ಅಡ್ರೆಸ್ ತೋರಿಸುತ್ತವೆ. ಬಳಸುವವರ ಓಡಾಟವನ್ನು ಯಾರೂ ಹಿಂಬಾಲಿಸಬಾರದು ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಫೋನ್‌ನ ಅಸಲಿ ಮ್ಯಾಕ್ ಅಡ್ರೆಸ್ ನೋಡಿ ರಿಸರ್ವೇಶನ್ ಬರೆದರೆ ಅದು ಕೆಲಸ ಮಾಡುವುದಿಲ್ಲ. ಫೋನ್ ರೀಸೆಟ್ ಮಾಡಿದರೆ ಅದೇ ಫೋನ್ ಸರ್ವರ್‌ಗೆ ಹೊಸ ಮಷಿನ್‌ನಂತೆ ಕಂಡು ಇನ್ನೊಂದು ಅಡ್ರೆಸ್ ತೆಗೆದುಕೊಳ್ಳಬಹುದು. ವೈಫೈಗೆ ಚಿಕ್ಕ ಲೀಸ್ ಇಡಬೇಕೆನ್ನಲು ಇದೂ ಒಂದು ಕಾರಣ.

ಸರ್ವರ್ ಹಾಕುವುದು

ಲಿನಕ್ಸ್‌ನಲ್ಲಿ ಬಹಳ ವರ್ಷ ಎಲ್ಲರೂ ಬಳಸಿದ್ದು ಐಎಸ್‌ಸಿ ಡಿಎಚ್‌ಸಿಪಿ. ಇಂಟರ್ನೆಟ್ ಸಿಸ್ಟಮ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಯದು. ಹಳೆಯ ಪುಸ್ತಕ, ವೀಡಿಯೊಗಳಲ್ಲಿ ಕಾಣುವುದೂ ಅದೇ. ಆದರೆ 2022ರಲ್ಲಿ ಆ ಸಂಸ್ಥೆಯೇ ಅದರ ನಿರ್ವಹಣೆ ಮುಗಿಯಿತು ಎಂದು ಹೇಳಿತು. ಹೊಸದಾಗಿ ಶುರು ಮಾಡುವವರು ಅದನ್ನು ಬಿಟ್ಟು, ಅದೇ ಸಂಸ್ಥೆಯ ಕೀಯಾ ಹಾಕಿಕೊಳ್ಳಿ. ಹಳೆಯ ಕಾನ್ಫಿಗರೇಶನ್ ಇದ್ದವರಿಗೆ ಅದನ್ನು ಕೀಯಾದ ರೂಪಕ್ಕೆ ಬದಲಿಸಿಕೊಡುವ ಕೀಯಾಮಾ ಎಂಬ ಉಪಕರಣವನ್ನೂ ಅವರೇ ಕೊಟ್ಟಿದ್ದಾರೆ. ಸಣ್ಣ ಕಚೇರಿಗಾದರೆ ಡಿಎನ್‌ಎಸ್‌ಮಾಸ್ಕ್ ಸಾಕು. ಸೈಮನ್ ಕೆಲ್ಲಿ ಬರೆದದ್ದು, ಬಹಳಷ್ಟು ವೈಫೈ ರೂಟರ್‌ಗಳ ಒಳಗೆ ಇರುವುದೂ ಅದೇ. ಒಂದೇ ಸಾಲಿನಲ್ಲಿ ಪೂಲ್ ಮತ್ತು ಲೀಸ್ ಬರೆದರೆ ಕೆಲಸ ಶುರು.

ಉಬುಂಟು ಅಥವಾ ಡೆಬಿಯನ್‌ನಲ್ಲಿ ಕೀಯಾದ ಡಿಎಚ್‌ಸಿಪಿ4 ಸರ್ವರ್ ಪ್ಯಾಕೇಜ್ ಹಾಕಿದರೆ ಇಟಿಸಿ ಫೋಲ್ಡರ್‌ನ ಒಳಗೆ ಅದರ ಕಾನ್ಫಿಗರೇಶನ್ ಫೈಲ್ ಬರುತ್ತದೆ. ಜೇಸನ್ ಎಂಬ, ಆವರಣ ಚಿಹ್ನೆ, ಅಲ್ಪವಿರಾಮಗಳನ್ನು ಬಳಸಿ ಮಾಹಿತಿ ಬರೆಯುವ ರೂಪದಲ್ಲಿರುತ್ತದೆ. ನೋಡಲು ಉದ್ದ, ಆದರೆ ನೀವು ತುಂಬಬೇಕಾದದ್ದು ಹಾಳೆಯ ಮೇಲೆ ಈಗಾಗಲೇ ಬರೆದದ್ದನ್ನೇ. ಮೊದಲು ಯಾವ ನೆಟ್‌ವರ್ಕ್ ಕಾರ್ಡ್‌ನಲ್ಲಿ ಕೇಳಿಸಿಕೊಳ್ಳಬೇಕು ಎಂಬುದು. ಸರ್ವರ್‌ಗೆ ಎರಡು ಕಾರ್ಡ್ ಇದ್ದರೆ ಇಲ್ಲಿ ಎಚ್ಚರ ಬೇಕು, ಇಂಟರ್ನೆಟ್ ಕಡೆಯ ಕಾರ್ಡ್ ಹೆಸರು ಬರೆಯಬೇಡಿ. ಆಮೇಲೆ ವ್ಯಾಲಿಡ್ ಲೈಫ್‌ಟೈಮ್, ಅಂದರೆ ಲೀಸ್, ಸೆಕೆಂಡ್‌ಗಳಲ್ಲಿ: 8 ಗಂಟೆಗೆ 28800. ಸಬ್‌ನೆಟ್ ಎಂಬ ಭಾಗದಲ್ಲಿ ನೆಟ್‌ವರ್ಕ್ ಮತ್ತು ಅದಕ್ಕೊಂದು ಐಡಿ ನಂಬರ್, ಅದರೊಳಗೆ ಪೂಲ್, ಗೇಟ್‌ವೇ, ಡಿಎನ್‌ಎಸ್, ಕೊನೆಗೆ ರಿಸರ್ವೇಶನ್‌ಗಳ ಪಟ್ಟಿ.

ಜೇಸನ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಸರ್ವರ್ ಏಳುವುದಿಲ್ಲ. ಆದ್ದರಿಂದ ರೀಸ್ಟಾರ್ಟ್ ಮಾಡುವ ಮೊದಲು ಫೈಲ್ ಸರಿಯಿದೆಯೇ ಎಂದು ಪರೀಕ್ಷಿಸಿ. ಸರ್ವರ್‌ನ ಕಮಾಂಡಿಗೆ ಟಿ (-t) ಎಂಬ ಆಯ್ಕೆ ಸೇರಿಸಿ ಫೈಲ್‌ನ ಹೆಸರು ಕೊಟ್ಟರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಅದೇ ಹೇಳುತ್ತದೆ.

ವಿಂಡೋಸ್ ಸರ್ವರ್‌ನಲ್ಲಿ ಇದೇ ಕೆಲಸ ಕಿಟಕಿಗಳಲ್ಲಿ ನಡೆಯುತ್ತದೆ. ಡಿಎಚ್‌ಸಿಪಿ ರೋಲ್ ಹಾಕಿ, ಸ್ಕೋಪ್ (ಹಂಚುವ ಅಡ್ರೆಸ್‌ಗಳ ವ್ಯಾಪ್ತಿ) ಮಾಡಿ, ಬಿಟ್ಟುಬಿಡಬೇಕಾದ ಅಡ್ರೆಸ್‌ಗಳನ್ನು ಎಕ್ಸ್‌ಕ್ಲೂಶನ್ ಪಟ್ಟಿಗೆ ಸೇರಿಸಬೇಕು. ಆಕ್ಟಿವ್ ಡೈರೆಕ್ಟರಿ (ಬಳಕೆದಾರರನ್ನೂ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ) ಇರುವ ಕಡೆ ಆ ಸರ್ವರ್‌ಗೆ ಒಪ್ಪಿಗೆಯನ್ನೂ ಕೊಡಬೇಕು, ಅದಿಲ್ಲದೇ ಅದು ಅಡ್ರೆಸ್ ಹಂಚುವುದಿಲ್ಲ.

ಡಿಎನ್‌ಎಸ್ ತುಂಬುವಾಗ ಒಂದು ಎಚ್ಚರಿಕೆ. ಕಾಲೇಜಿನ ಒಳಗೆ ಸ್ವಂತ ಡಿಎನ್‌ಎಸ್ ಇದ್ದರೆ, ಅದು ಕೆಟ್ಟರೆ ಇರಲಿ ಎಂದು ಎರಡನೆಯದಾಗಿ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ 8.8.8.8 ಸೇರಿಸುವ ಅಭ್ಯಾಸ ಬಹಳ ಕಡೆ ಇದೆ. ಹಾಗೆ ಮಾಡಬೇಡಿ. ಮೊದಲನೆಯದು ಸ್ವಲ್ಪ ತಡ ಮಾಡಿದರೂ ಮಷಿನ್ ಎರಡನೆಯದನ್ನು ಕೇಳುತ್ತದೆ. ಹೊರಗಿನ ಸರ್ವರ್‌ಗೆ ನಿಮ್ಮ ಒಳಗಿನ ಸರ್ವರ್‌ಗಳ ಹೆಸರು ಗೊತ್ತಿಲ್ಲ, ಅಂಥದ್ದು ಇಲ್ಲವೇ ಇಲ್ಲ ಎಂದು ಉತ್ತರ ಕೊಡುತ್ತದೆ. ಬೆಳಿಗ್ಗೆ ತೆರೆದ ಫೈಲ್ ಸರ್ವರ್ ಸಂಜೆ ತೆರೆಯುವುದಿಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಎರಡನೆಯದು ಬೇಕೇ ಬೇಕೆಂದರೆ ಅದೂ ಒಳಗಿನದ್ದೇ ಆಗಿರಲಿ.

ಡಿಎಚ್‌ಸಿಪಿ ಇಂಥ ಹೆಚ್ಚುವರಿ ಮಾಹಿತಿಯನ್ನು ಆಪ್ಷನ್ ಎಂಬ ನಂಬರ್‌ಗಳಲ್ಲಿ ಕಳಿಸುತ್ತದೆ. 3 ಗೇಟ್‌ವೇಗೆ, 6 ಡಿಎನ್‌ಎಸ್‌ಗೆ, 42 ಸಮಯ ಹೊಂದಿಸುವ ಎನ್‌ಟಿಪಿ ಸರ್ವರ್‌ಗೆ. 66 ಮತ್ತು 67 ನೆಟ್‌ವರ್ಕ್‌ನಿಂದಲೇ ಬೂಟ್ ಮಾಡಲು. ಅರವತ್ತು ಕಂಪ್ಯೂಟರ್‌ಗೆ ಒಂದೇ ಸಲ ಆಪರೇಟಿಂಗ್ ಸಿಸ್ಟಮ್ ಹಾಕುವ ಲ್ಯಾಬ್‌ಗಳಿಗೆ ಈ ಎರಡು ತುಂಬಾ ಉಪಯೋಗ.

ಒಂದು ಸರ್ವರ್, ಹಲವು ನೆಟ್‌ವರ್ಕ್

ವಿದ್ಯಾರ್ಥಿಗಳ ವೈಫೈಗೆ ಬೇರೆಯದೇ ವಿಲ್ಯಾನ್, ಅಂದರೆ ಅದೇ ಸ್ವಿಚ್‌ಗಳ ಮೇಲೆ ಪ್ರತ್ಯೇಕವಾಗಿ ನಡೆಯುವ ನೆಟ್‌ವರ್ಕ್, ಇರಲಿ. 10.20.0.0 ಸ್ಲ್ಯಾಶ್ 22 ಇಟ್ಟರೆ 1022 ಅಡ್ರೆಸ್ ಸಿಗುತ್ತವೆ. ಈಗ ಒಂದು ತೊಡಕು: ಬ್ರಾಡ್‌ಕಾಸ್ಟ್ ರೂಟರ್ ದಾಟುವುದಿಲ್ಲ. ಲ್ಯಾಬ್ ನೆಟ್‌ವರ್ಕ್‌ನಲ್ಲಿರುವ ಸರ್ವರ್‌ಗೆ ವೈಫೈಯಲ್ಲಿರುವ ಫೋನ್‌ನ ಡಿಸ್ಕವರ್ ಕೇಳಿಸುವುದೇ ಇಲ್ಲ. ಹಾಗೆಂದು ಪ್ರತಿ ವಿಲ್ಯಾನ್‌ಗೂ ಒಂದೊಂದು ಸರ್ವರ್ ಇಡಬೇಕಾಗಿಲ್ಲ. ರೂಟರ್ ಅಥವಾ ಲೇಯರ್ 3 ಸ್ವಿಚ್‌ನಲ್ಲಿ (ರೂಟರ್ ಕೆಲಸವನ್ನೂ ಮಾಡುವ ಸ್ವಿಚ್) ರಿಲೇ ಆನ್ ಮಾಡಿದರೆ ಸಾಕು. ಸಿಸ್ಕೋ ಉಪಕರಣಗಳಲ್ಲಿ ಇದನ್ನು ಹೆಲ್ಪರ್ ಅಡ್ರೆಸ್ ಎಂಬ ಹೆಸರಲ್ಲಿ ಬರೆಯುತ್ತಾರೆ.

ರಿಲೇ ಮಾಡುವುದು ಸರಳ ಕೆಲಸ. ಫೋನ್‌ನ ಬ್ರಾಡ್‌ಕಾಸ್ಟನ್ನು ಹಿಡಿದು, ಅದರೊಳಗೆ ಆ ವಿಲ್ಯಾನ್‌ನಲ್ಲಿರುವ ತನ್ನ ಸ್ವಂತ ಅಡ್ರೆಸ್ ಬರೆದು, ಸರ್ವರ್‌ಗೆ ನೇರವಾಗಿ ಕಳಿಸುತ್ತದೆ. ಸರ್ವರ್ ಆ ಅಡ್ರೆಸ್ ನೋಡಿ ಇದು 10.20ರ ಕಡೆಯಿಂದ ಬಂದದ್ದು ಎಂದು ತಿಳಿದು, ಆ ಪೂಲ್‌ನಿಂದಲೇ ಕೊಡುತ್ತದೆ. ಸರ್ವರ್‌ನಲ್ಲಿ ಎರಡನೇ ಸಬ್‌ನೆಟ್ ಬರೆದು ರಿಲೇ ಹಾಕುವುದನ್ನು ಮರೆತರೆ, ಅಥವಾ ರಿಲೇ ಹಾಕಿ ಸಬ್‌ನೆಟ್ ಬರೆಯದಿದ್ದರೆ, ಎರಡರಲ್ಲೂ ಫಲಿತಾಂಶ ಒಂದೇ. ಅಡ್ರೆಸ್ ಬರುವುದಿಲ್ಲ.

ಒಂದೇ ಸರ್ವರ್ ಮೇಲೆ ಎಲ್ಲ ನಿಂತಾಗ ಅದು ಕೆಟ್ಟರೆ ಎಂಬ ಭಯ ಸಹಜ. ವಿಂಡೋಸ್ ಸರ್ವರ್ 2012ರಿಂದ ಎರಡು ಸರ್ವರ್‌ಗಳು ಲೀಸ್ ಹಂಚಿಕೊಳ್ಳುವ ಫೇಲ್‌ಓವರ್ ಸೌಲಭ್ಯ ಇದೆ, ಕೀಯಾದಲ್ಲೂ ಅಂಥದ್ದೇ ಇದೆ. ಅಷ್ಟು ಬೇಡ ಎನ್ನುವವರು ಪೂಲನ್ನೇ ಒಡೆದು ಒಂದು ಸರ್ವರ್‌ಗೆ 80 ಶೇಕಡಾ, ಇನ್ನೊಂದಕ್ಕೆ 20 ಶೇಕಡಾ ಕೊಡಬಹುದು. ಒಂದೇ ಪೂಲನ್ನು ಎರಡು ಸರ್ವರ್‌ನಲ್ಲಿ ಹಾಗೇ ನಕಲು ಮಾಡುವುದು ಮಾತ್ರ ಬೇಡ. ಒಂದು ಕೊಟ್ಟ ಅಡ್ರೆಸ್ಸನ್ನೇ ಇನ್ನೊಂದೂ ಕೊಡುತ್ತದೆ.

ಕರೆಯದೇ ಬರುವ ಸರ್ವರ್

ಯಾರು ಅಡ್ರೆಸ್ ಕೊಟ್ಟರೂ ಮಷಿನ್ ನಂಬುತ್ತದೆ ಎಂದು ಮೇಲೆ ಹೇಳಿದೆನಲ್ಲ, ಆ ವಿಷಯ ಈಗ. ಯಾರೋ ತಮ್ಮ ಕೋಣೆಯಲ್ಲಿ ವೈಫೈ ಸರಿ ಬರುತ್ತಿಲ್ಲ ಎಂದು ಮನೆಯಿಂದ ಹಳೆಯ ರೂಟರ್ ತಂದು, ಗೋಡೆಯ ಸಾಕೆಟ್‌ನಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟ್‌ಗೆ ಚುಚ್ಚುತ್ತಾರೆ. ಅದರೊಳಗೂ ಡಿಎಚ್‌ಸಿಪಿ ಸರ್ವರ್ ಇದೆಯಲ್ಲ, ಅದೂ ಆಫರ್ ಕಳಿಸಲು ಶುರು ಮಾಡುತ್ತದೆ. ಬಹಳಷ್ಟು ಮಷಿನ್‌ಗಳು ಮೊದಲು ಬಂದ ಆಫರ್ ತೆಗೆದುಕೊಳ್ಳುತ್ತವೆ. ಕೆಲವರಿಗೆ 192.168.10ರ ಅಡ್ರೆಸ್, ಕೆಲವರಿಗೆ 192.168.0ರದ್ದು. ಎರಡನೇ ಗುಂಪಿನವರಿಗೆ ನೆಟ್ ಇಲ್ಲ. ಯಾವ ಕಾರಣವೂ ಇಲ್ಲದೆ ಅರ್ಧ ಜನರಿಗೆ ಮಾತ್ರ ನೆಟ್ ಹೋಗಿದೆ ಎಂಬ ದೂರು ಬಂದರೆ ನಾನು ಮೊದಲು ಅನುಮಾನಪಡುವುದು ಇದನ್ನೇ.

ಹುಡುಕುವುದು ಕಷ್ಟವಲ್ಲ. ತೊಂದರೆಯಾದ ವಿಂಡೋಸ್ ಮಷಿನ್‌ನಲ್ಲಿ ಐಪಿಕಾನ್ಫಿಗ್ ಕಮಾಂಡಿಗೆ ಆಲ್ ಸೇರಿಸಿ ಕೊಟ್ಟರೆ ಅಡ್ರೆಸ್ ಕೊಟ್ಟ ಡಿಎಚ್‌ಸಿಪಿ ಸರ್ವರ್ ಯಾವುದು ಎಂದು ಒಂದು ಸಾಲಿನಲ್ಲಿ ಕಾಣುತ್ತದೆ. ಅದು 192.168.10.5 ಅಲ್ಲದಿದ್ದರೆ ಕಳ್ಳ ಸಿಕ್ಕಿದ. ಅದರ ಮ್ಯಾಕ್ ಅಡ್ರೆಸ್ ನೋಡಿ, ಅದು ಸ್ವಿಚ್‌ನ ಯಾವ ಪೋರ್ಟ್‌ನಲ್ಲಿದೆ ಎಂದು ಹುಡುಕಿ, ಆ ಪೋರ್ಟ್ ಬಂದ್ ಮಾಡಿ.

ಮತ್ತೆ ಆಗದಂತೆ ತಡೆಯಲು ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯ ಇದೆ. ಸರ್ವರ್ ಇರುವ ಕಡೆಯ ಪೋರ್ಟನ್ನು ಮಾತ್ರ ನಂಬಿಕಸ್ಥ ಎಂದು ಗುರುತು ಮಾಡಬೇಕು. ಬೇರೆ ಯಾವ ಪೋರ್ಟ್‌ನಿಂದ ಆಫರ್ ಬಂದರೂ ಸ್ವಿಚ್ ಅದನ್ನು ಅಲ್ಲೇ ಬಿಸಾಡುತ್ತದೆ. ಇದು ಬರೀ ಅಜಾಗರೂಕತೆಗೆ ಮದ್ದಲ್ಲ. ಬೇಕಂತಲೇ ಸುಳ್ಳು ಸರ್ವರ್ ಇಟ್ಟು ಎಲ್ಲರ ಗೇಟ್‌ವೇ ತಾನೇ ಆಗುವ ದಾಳಿಯನ್ನೂ ತಡೆಯುತ್ತದೆ. ಇಂಥ ಸುಳ್ಳು ಸರ್ವರ್, ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವ ಆಪ್ಷನ್ 121 ಬಳಸಿ, ವಿಪಿಎನ್‌ನ (ಗುಪ್ತ ಸುರಂಗದಂಥ ಸಂಪರ್ಕದ) ಒಳಗೆ ಹೋಗಬೇಕಾದ ಮಾಹಿತಿಯನ್ನೂ ಹೊರಗೆಳೆಯಬಹುದು ಎಂದು 2024ರಲ್ಲಿ ಭದ್ರತಾ ಸಂಶೋಧಕರು ತೋರಿಸಿದರು. ಟನಲ್‌ವಿಷನ್ ಎಂದು ಅದಕ್ಕೆ ಹೆಸರು. ಸ್ವಿಚ್‌ನಲ್ಲಿ ಸೌಲಭ್ಯ ಇದ್ದೂ ಸ್ನೂಪಿಂಗ್ ಆಫ್ ಇರುವ ನೆಟ್‌ವರ್ಕ್‌ಗಳು ತುಂಬಾ ಇವೆ. ದಯವಿಟ್ಟು ಆನ್ ಮಾಡಿ.

ಅಡ್ರೆಸ್ ಬರದಿದ್ದರೆ

ಮಷಿನ್‌ನಲ್ಲಿ 169.254 ಎಂದು ಶುರುವಾಗುವ ಅಡ್ರೆಸ್ ಕಂಡರೆ, ಯಾವ ಸರ್ವರ್‌ನಿಂದಲೂ ಉತ್ತರ ಬರದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ಸರ್ವರ್‌ನಲ್ಲಿ, ಬಂದು ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್ ತೆರೆದು 67, 68 ಪೋರ್ಟ್‌ಗಳನ್ನು ನೋಡಿ. ಡಿಸ್ಕವರ್ ಸರ್ವರ್‌ಗೇ ಬರುತ್ತಿಲ್ಲವೆಂದರೆ ಕೇಬಲ್, ವಿಲ್ಯಾನ್ ಅಥವಾ ರಿಲೇ ಕಡೆ ಹುಡುಕಿ. ಡಿಸ್ಕವರ್ ಬಂದೂ ಆಫರ್ ಹೋಗುತ್ತಿಲ್ಲವೆಂದರೆ ಪೂಲ್ ಮುಗಿದಿರಬಹುದು, ಅಥವಾ ಆ ಸಬ್‌ನೆಟ್ ಬರೆದಿಲ್ಲದಿರಬಹುದು. ಲಾಗ್‌ನಲ್ಲಿ ಕಾರಣ ಇರುತ್ತದೆ. ಆಫರ್ ಹೋದರೂ ರಿಕ್ವೆಸ್ಟ್ ಬರದಿದ್ದರೆ ಆಫರ್ ದಾರಿಯಲ್ಲಿ ಸಿಕ್ಕಿಕೊಂಡಿದೆ ಅಥವಾ ಮಷಿನ್ ಬೇರೊಂದು ಸರ್ವರ್‌ನ ಮಾತು ಕೇಳಿದೆ. ನಾಲ್ಕು ಸಂದೇಶಗಳಲ್ಲಿ ಯಾವುದರವರೆಗೆ ಬಂದು ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿಯವರೆಗೆ ಹೇಳಿದ್ದು ಐಪಿವಿ4ರ ಮಾತು. ಹೊಸ, ಉದ್ದದ ಅಡ್ರೆಸ್‌ಗಳ ಐಪಿವಿ6ರ ಕಥೆ ಬೇರೆ. ಅಲ್ಲಿ ರೂಟರ್ ನೆಟ್‌ವರ್ಕ್‌ನ ಮೊದಲ ಭಾಗವನ್ನು ಸಾರುತ್ತದೆ, ಉಳಿದದ್ದನ್ನು ಮಷಿನ್ ತಾನೇ ಕಟ್ಟಿಕೊಳ್ಳುತ್ತದೆ. ಡಿಎಚ್‌ಸಿಪಿವಿ6 ಎಂಬುದು ಇದೆ, ಆದರೆ ಆಂಡ್ರಾಯ್ಡ್ ಫೋನ್‌ಗಳು ಅದರಿಂದ ಒಂಟಿ ಅಡ್ರೆಸ್ ಪಡೆಯುವುದಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಿ ವೈಫೈ ಕಟ್ಟಬೇಡಿ.

ಕೊನೆಯದಾಗಿ ದಾಖಲೆ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ 10.20.1.77 ಯಾರ ಬಳಿ ಇತ್ತು ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ಒಂದು ಗಂಟೆಯ ಲೀಸ್ ಇರುವ ಕಡೆ ಅದೇ ಅಡ್ರೆಸ್ ಒಂದೇ ದಿನ ಹಲವರ ಕೈ ದಾಟಿರುತ್ತದೆ. ಸರ್ವರ್‌ನ ಲೀಸ್ ಫೈಲ್‌ನಲ್ಲಿ ಈಗಿನ ಸ್ಥಿತಿ ಮಾತ್ರ ಉಳಿಯುತ್ತದೆ, ಹಳೆಯ ಸಾಲುಗಳನ್ನು ಅದು ಆಗಾಗ ಒರೆಸಿಕೊಳ್ಳುತ್ತದೆ. ಇತಿಹಾಸ ಬೇಕೆಂದರೆ ಲಾಗನ್ನು ಬೇರೆ ಕಡೆ ಉಳಿಸಬೇಕು. 2022ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು, ಸೇವೆ ಕೊಡುವವರು ತಮ್ಮ ಸಿಸ್ಟಮ್‌ಗಳ ಲಾಗ್‌ಗಳನ್ನು 180 ದಿನ ಭಾರತದೊಳಗೇ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಟಿಪಿಯಿಂದ ಹೊಂದಿಸಿರಬೇಕು. ಸರ್ವರ್ ಹಾಕಿದ ದಿನವೇ ಲಾಗ್ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ನೋಡಿ ಸರಿಮಾಡಿ. ಸರ್ವರ್‌ನ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ, ಆ ಮಂಗಳವಾರದ ಪ್ರಶ್ನೆಗೆ ಲಾಗ್ ಬೇರೊಬ್ಬರ ಫೋನ್ ತೋರಿಸುತ್ತದೆ.